ಪದಚರ್ಚೆ: ‘ನಾಲಿಗೆ ತುದಿಯಲ್ಲಿದೆ’ ಎಂದರೆ ಸಿಕ್ಕಿದೆ ಎಂದೋ, ಸಿಗುತ್ತಿಲ್ಲ ಎಂದೋ?

ಬಳಗದ ಎಲ್ಲರಿಗೂ ನಮಸ್ಕಾರ.

ಭಾಷೆಯ ಮನೋವಿಜ್ಞಾನದ ಮೂಲ ಪರಿಕಲ್ಪನೆಗಳನ್ನು ಪದವಿ ತರಗತಿಯವರಿಗೆ ಕನ್ನಡದಲ್ಲಿ ತಿಳಿಸುವ ಪುಸ್ತಕವೊಂದರ ಪದಪಟ್ಟಿ ನನ್ನ ಪಾಲಿಗೆ ಬಂದಿದೆ. ಹೆಚ್ಚಿನವು ಹೇಗೋ ದಾರಿಗೆ ಬಂದವು. ಒಂದು ಮಾತ್ರ ಜಪ್ಪಯ್ಯ ಎಂದರೂ ಜಗ್ಗುತ್ತಿಲ್ಲ. ಹೇಳಬೇಕಾದ ಪದ ಖಂಡಿತ ಗೊತ್ತಿದೆ, ಇನ್ನೇನು ಬಂದೇಬಿಟ್ಟಿತು ಎನ್ನಿಸುತ್ತದೆ, ಆದರೆ ಬಾಯಿಂದ ಹೊರಡುವುದಿಲ್ಲ. ಈ ಸ್ಥಿತಿಗೆ ಕನ್ನಡದಲ್ಲಿ ಪಾರಿಭಾಷಿಕವಾಗಿ ಏನು ಹೇಳೋಣ?

‘ಅದಕ್ಕೇನು, ನಾಲಿಗೆ ತುದಿಯಲ್ಲಿದೆ ಎನ್ನುತ್ತೇವಲ್ಲ’ ಎಂದು ಥಟ್ಟನೆ ಹೇಳುವವರಿಗೆ ನನ್ನ ಮೊದಲ ಪ್ರಶ್ನೆ. ಈ ಎರಡು ವಾಕ್ಯಗಳನ್ನು ನೋಡಿ:

‘ಅವರ ಹೆಸರು ನಾಲಿಗೆ ತುದಿಯಲ್ಲೇ ಇದೆ, ಹೊರಗೆ ಬರುತ್ತಿಲ್ಲ.’
‘ಹುಡುಗನಿಗೆ ಹತ್ತೊಂಬತ್ತರ ಮಗ್ಗಿಯೂ ನಾಲಿಗೆ ತುದಿಯಲ್ಲಿದೆ.’

ಮೊದಲನೆಯದರಲ್ಲಿ ಪದ ಸಿಗುತ್ತಿಲ್ಲ. ಎರಡನೆಯದರಲ್ಲಿ ಕೇಳಿದ ಕ್ಷಣಕ್ಕೆ ಸಿಗುತ್ತದೆ. ನನ್ನ ಕಿವಿಗೆ ಎರಡೂ ಸಹಜ ಕನ್ನಡವೇ. ‘ಬರುತ್ತಿಲ್ಲ’ ಎಂಬ ಬಾಲ ಇಲ್ಲದಿದ್ದರೆ ಎರಡನೆಯ ಅರ್ಥವೇ ಮೊದಲು ಬರುತ್ತದೆ ಎಂಬ ಗುಮಾನಿಯೂ ಇದೆ. ಬಾಯಿಪಾಠ, ಕಂಠಪಾಠ, ಕಂಠಸ್ಥ ಇವೆಲ್ಲ ಹೇಳುವುದೂ ಅದನ್ನೇ: ನಮ್ಮಲ್ಲಿ ಚೆನ್ನಾಗಿ ಕಲಿತದ್ದು ಬಂದು ಕೂರುವ ಜಾಗ ಬಾಯಿ, ಗಂಟಲು, ನಾಲಿಗೆ. ಹಾಗಿರುವಾಗ ‘ನಾಲಿಗೆ ತುದಿ’ ಸೋಲಿನ ಹೆಸರೂ ಆದದ್ದು ಯಾವಾಗ? ಮೊದಲನೆಯ ಅರ್ಥದಲ್ಲಿ ಹಳೆಯ ಪ್ರಯೋಗ ಯಾರಿಗಾದರೂ ಸಿಕ್ಕಿದ್ದರೆ ದಯವಿಟ್ಟು ಕಳುಹಿಸಿ. ‘ಇಂಗ್ಲಿಷಿನಿಂದ ಬಂದದ್ದು’ ಎಂದು ತಕ್ಷಣ ತೀರ್ಪು ಕೊಡುವುದು ಬೇಡ. ಬೆನೆಟ್ ಶ್ವಾರ್ಟ್ಜ್ ಎಂಬ ಮನೋವಿಜ್ಞಾನಿ 51 ಭಾಷೆಗಳನ್ನು ವಿಚಾರಿಸಿ 1999ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 45 ಭಾಷೆಗಳು ಈ ಅನುಭವವನ್ನು ಹೇಳಲು ನಾಲಿಗೆಯನ್ನೇ ಹಿಡಿದಿದ್ದವು. ಆದ್ದರಿಂದ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಒಂದೇ ಬಗೆಯ ಮಾತಿದೆ ಎಂಬುದಷ್ಟೇ ಎರವಲಿಗೆ ಸಾಕ್ಷಿಯಾಗುವುದಿಲ್ಲ.

ಇದು ವಿಜ್ಞಾನದಲ್ಲಿ ಏಕೆ ಇಷ್ಟು ಮುಖ್ಯವಾಯಿತು ಎಂಬುದನ್ನು ಹೇಳದೆ ಪದ ಕೇಳಿದರೆ ಚರ್ಚೆ ದಾರಿ ತಪ್ಪುತ್ತದೆ. 1890ರಷ್ಟು ಹಿಂದೆಯೇ ಅಮೆರಿಕದ ಮನೋವಿಜ್ಞಾನಿ ವಿಲಿಯಂ ಜೇಮ್ಸ್ ಇದನ್ನು ಗಮನಿಸಿದ್ದರು. ಮರೆತ ಹೆಸರಿನ ಜಾಗ ಬರಿಯ ಖಾಲಿಯಲ್ಲ, ತಪ್ಪು ಹೆಸರು ಹೇಳಿದರೆ ‘ಇದಲ್ಲ’ ಎಂದು ಕೂಡಲೇ ತಳ್ಳಿಹಾಕುವಷ್ಟು ಚುರುಕಾದ ಖಾಲಿ ಎಂಬುದು ಅವರ ಮಾತಿನ ಸಾರ. ಇದನ್ನು ಪ್ರಯೋಗಕ್ಕೆ ಒಡ್ಡಿದವರು ಮನೋವಿಜ್ಞಾನಿಗಳಾದ ರೋಜರ್ ಬ್ರೌನ್ ಮತ್ತು ಡೇವಿಡ್ ಮೆಕ್‌ನೀಲ್. 1966ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ವಿದ್ಯಾರ್ಥಿಗಳಿಗೆ ಅಪರೂಪದ ಪದಗಳ ಅರ್ಥವನ್ನು ಓದಿ ಹೇಳಿ ಪದ ಯಾವುದೆಂದು ಕೇಳಲಾಯಿತು. ಸಮುದ್ರಯಾನದಲ್ಲಿ ಸೂರ್ಯ, ಚಂದ್ರ, ನಕ್ಷತ್ರಗಳ ಎತ್ತರವನ್ನು ಅಳೆಯುವ ಉಪಕರಣ ಯಾವುದು? ಉತ್ತರ ಸೆಕ್ಸ್‌ಟಂಟ್. ಅದು ಹೊಳೆಯದೆ ಒದ್ದಾಡಿದವರಲ್ಲಿ ಕೆಲವರ ಬಾಯಿಗೆ ದಿಕ್ಸೂಚಿಯೋ ಕೋನಮಾಪಕವೋ ಬಂತು. ಅದರಲ್ಲಿ ವಿಶೇಷವಿಲ್ಲ, ಅರ್ಥದಲ್ಲಿ ನೆರೆಹೊರೆಯವು. ಆದರೆ ಕೆಲವರ ಬಾಯಿಗೆ ಬಂದದ್ದು ಸೆಕ್ಸ್‌ಟೆಟ್, ಸೆಕ್ಸ್‌ಟನ್, ಸೀಕಂಟ್. ಆರು ಮಂದಿಯ ಸಂಗೀತ ಮೇಳ, ಚರ್ಚಿನ ಆಳು, ತ್ರಿಕೋನಮಿತಿಯ ಒಂದು ಪ್ರಮಾಣ. ಸಮುದ್ರಕ್ಕೂ ಇವಕ್ಕೂ ಯಾವ ನಂಟೂ ಇಲ್ಲ, ಸದ್ದಿನ ನಂಟು ಮಾತ್ರ. ಪದ ಸಿಗದವರು ಅದರ ಮೊದಲ ಅಕ್ಷರವನ್ನೂ ಅದರಲ್ಲಿ ಎಷ್ಟು ಉಚ್ಚಾರಾಂಶಗಳಿವೆ ಎಂಬುದನ್ನೂ ಅರ್ಧಕ್ಕಿಂತ ಹೆಚ್ಚು ಸಲ ಸರಿಯಾಗಿ ಊಹಿಸಿದರು.

ಇದರಿಂದ ಗೊತ್ತಾದದ್ದು ಇಷ್ಟು: ಒಂದು ಪದವನ್ನು ಬಲ್ಲೆವು ಎಂಬುದು ಒಂದೇ ಏಟಿನ ತಿಳಿವಲ್ಲ. ಅರ್ಥ ಒಂದು ಕಡೆ, ವ್ಯಾಕರಣದ ಗುಣ ಇನ್ನೊಂದು ಕಡೆ, ಸದ್ದು ಮತ್ತೊಂದು ಕಡೆ ಇರಬಹುದು. ಮಾತನಾಡುವಾಗ ಇವು ಒಂದಾದ ಮೇಲೊಂದರಂತೆ ಕೈಗೂಡುತ್ತವೆ. ನಡುವೆ ಎಲ್ಲೋ ತಡೆಯಾದರೆ ಮೊದಲಿನವು ಸಿಕ್ಕಿ ಕೊನೆಯದು ಸಿಗದೆ ಹೋಗುತ್ತದೆ. ಡಚ್ ಮನೋಭಾಷಾವಿಜ್ಞಾನಿ ವಿಲೆಮ್ ಲೆವೆಲ್ಟ್ 1989ರಲ್ಲಿ ವಿಸ್ತಾರವಾಗಿ ಮಂಡಿಸಿದ ಮಾದರಿಯಲ್ಲಿ ಅರ್ಥ ಮತ್ತು ವ್ಯಾಕರಣದ ಮಟ್ಟದಲ್ಲಿರುವ ಪದಕ್ಕೆ ‘ಲೆಮ್ಮಾ’ ಎಂಬ ಹೆಸರಿದೆ. ಸದ್ದು ತೊಡುವುದು ಅದರ ಮುಂದಿನ ಹಂತ.

ಈಗ ಬಳಗದವರು ಸ್ವಲ್ಪ ಕಿವಿಗೊಡಬೇಕಾದ ಕಡೆ ಬಂದೆ. ಕನ್ನಡದವರು ಪದ ಸಿಗದಾಗ ಏನು ಮಾಡುತ್ತೇವೆ? ಸುಮ್ಮನಿರುವುದಿಲ್ಲ. ಅಂಗಡಿಯಲ್ಲಿ ನಿಂತು ಹೇಳುತ್ತೇವೆ: ‘ಆ... ಅದನ್ನು ಕೊಡಿ, ಹಿಟ್ಟು ಸೋಸುವ ಅದನ್ನು.’ ಜರಡಿ ಎಂಬುದು ಬಾಯಿಗೆ ಬಂದಿಲ್ಲ, ಆದರೆ ‘ಅನ್ನು’ ಬಂದಿದೆ. ಮನೆಯಲ್ಲಿ: ‘ನಿನ್ನೆ ಅವರಿಗೆ, ಅದೇ ಇವರಿಗೆ, ಬ್ಯಾಂಕಿನಲ್ಲಿದ್ದರಲ್ಲ, ಅವರಿಗೆ ಫೋನ್ ಮಾಡಿದ್ದೆ.’ ಹೆಸರು ಪತ್ತೆಯಿಲ್ಲ. ಆದರೆ ‘ಇಗೆ’ ಬೇಕೆಂಬುದು ನಿಶ್ಚಯವಾಗಿದೆ. ಅವನಿಗೆ ಅಲ್ಲ, ಅವಳಿಗೆ ಅಲ್ಲ, ‘ಅವರಿಗೆ’ ಎಂಬ ಮರ್ಯಾದೆಯೂ ನಿಶ್ಚಯವಾಗಿದೆ. ಕ್ರಿಯಾಪದ ಸಿಗದಾಗ ಇನ್ನೂ ಸೊಗಸು. ‘ಆ ಕಿಟಕಿಯನ್ನು ಸ್ವಲ್ಪ ಅದು ಮಾಡು’ ಎನ್ನುತ್ತೇವೆ. ಆದರೆ ‘ನನಗೆ ಒಂದು ರೀತಿ ಇದಾಯಿತು’ ಎನ್ನುವಾಗ ‘ಮಾಡು’ ಬರುವುದಿಲ್ಲ, ‘ಆಗು’ ಬರುತ್ತದೆ. ಸಿಗದೆ ಇರುವ ಕ್ರಿಯಾಪದ ಸಕರ್ಮಕವೋ ಅಕರ್ಮಕವೋ ಎಂಬುದು ಆಡುವವರಿಗೆ ಮೊದಲೇ ತಿಳಿದಿದೆ ಎಂದಾಯಿತು. ಕರಾವಳಿ, ಮಲೆನಾಡುಗಳಲ್ಲಿ ‘ಎಂಥದು’ ಇದೇ ಕೆಲಸ ಮಾಡುತ್ತದೆ. ಅದಕ್ಕೂ ವಿಭಕ್ತಿ ಹತ್ತುತ್ತದೆ: ಎಂಥದನ್ನು, ಎಂಥದಕ್ಕೆ.

ಬಾಯ್ತಪ್ಪಿದಾಗಲೂ ಹೀಗೆಯೇ. ಅಡುಗೆಮನೆಯ ಅವಸರದಲ್ಲಿ ‘ಡಬ್ಬಿಯಲ್ಲಿ ಬೆಲ್ಲವನ್ನು ಹಾಕು’ ಎನ್ನಬೇಕಾದವರು ‘ಬೆಲ್ಲದಲ್ಲಿ ಡಬ್ಬಿಯನ್ನು ಹಾಕು’ ಎಂದುಬಿಡುತ್ತಾರೆ. ಎಲ್ಲರೂ ನಕ್ಕು ಮುಂದೆ ಹೋಗುತ್ತಾರೆ. ಒಂದು ಕ್ಷಣ ನಿಂತು ನೋಡಿ. ಡಬ್ಬಿ, ಬೆಲ್ಲ ಜಾಗ ಬದಲಿಸಿದವು, ಆದರೆ ‘ಅಲ್ಲಿ’, ‘ಅನ್ನು’ ಇದ್ದಲ್ಲೇ ಉಳಿದವು. ಅಷ್ಟೇ ಅಲ್ಲ, ‘ಡಬ್ಬಿಯಲ್ಲಿ’ಯ ಯಕಾರವನ್ನು ಯಾರೂ ಬೆಲ್ಲಕ್ಕೆ ಅಂಟಿಸಿ ‘ಬೆಲ್ಲಯಲ್ಲಿ’ ಎನ್ನುವುದಿಲ್ಲ. ತಪ್ಪು ಪದ ಬಂದು ಕೂತ ಮೇಲೂ ಅದಕ್ಕೆ ತಕ್ಕ ದಕಾರ ಸರಿಯಾಗಿ ಬರುತ್ತದೆ. ಅಂದರೆ ಯಾವ ವಿಭಕ್ತಿ ಎಂಬ ತೀರ್ಮಾನ ಮೊದಲು, ಯಾವ ಪ್ರಕೃತಿ ಎಂಬುದು ಆಮೇಲೆ, ಎರಡನ್ನೂ ಬೆಸೆಯುವ ಸಂಧಿಕಾರ್ಯ ಕಡೆಗೆ. ಬಾಯ್ತಪ್ಪುಗಳು ಸುಮ್ಮನೆ ಕಸವಲ್ಲ, ಅವೂ ನಿಯಮ ಮೀರುವುದಿಲ್ಲ ಎಂದು ಭಾಷಾವಿಜ್ಞಾನಿ ವಿಕ್ಟೋರಿಯಾ ಫ್ರಾಮ್ಕಿನ್ 1971ರಲ್ಲಿ ತೋರಿಸಿದರು. ಪದಗಳು ಅದಲುಬದಲಾದರೂ ಪ್ರತ್ಯಯಗಳು ಇದ್ದಲ್ಲೇ ಉಳಿಯುವುದನ್ನು ಇಂಗ್ಲಿಷಿನಲ್ಲಿ ಮನೋಭಾಷಾವಿಜ್ಞಾನಿ ಮೆರಿಲ್ ಗ್ಯಾರೆಟ್ 1975ರಲ್ಲಿ ಮುಖ್ಯ ಸಾಕ್ಷಿಯಾಗಿ ಬಳಸಿದರು. ಇಂಗ್ಲಿಷಿನಲ್ಲಿ ಇಂಥ ವ್ಯಾಕರಣ ಪ್ರತ್ಯಯಗಳು ಎಷ್ಟಿವೆ, ಬೆರಳೆಣಿಕೆಯಷ್ಟು. ನಮ್ಮಲ್ಲಿ ನಾಮಪದ, ಕ್ರಿಯಾಪದ ಎರಡಕ್ಕೂ ಸಾಲುಸಾಲಾಗಿ ಪ್ರತ್ಯಯ. ಬಾಯ್ತಪ್ಪು ಕೂಡಿಡಬೇಕಾದ ಭಾಷೆ ಇದ್ದರೆ ಅದು ನಮ್ಮಂಥದೇ ಎಂದು ನನಗೆ ಅನ್ನಿಸುತ್ತದೆ.

ಇಷ್ಟನ್ನು ಇಟ್ಟುಕೊಂಡು ಪದಪಟ್ಟಿಗೆ ಬರುತ್ತೇನೆ.

ಲೆಮ್ಮಾಕ್ಕೆ ‘ಪ್ರಕೃತಿ’ ಎನ್ನಬಹುದೇ? ನಾಮಪ್ರಕೃತಿಗೆ ವಿಭಕ್ತಿ ಪ್ರತ್ಯಯ ಸೇರಿದರೆ ನಾಮಪದ ಎಂಬುದನ್ನು ಹೈಸ್ಕೂಲು ದಾಟಿದ ಪ್ರತಿಯೊಬ್ಬರೂ ಉರುಹೊಡೆದಿರುತ್ತಾರೆ. ಪಾಣಿನಿಯ ಲೆಕ್ಕದಲ್ಲೂ ‘ಪದ’ ಎಂದರೆ ಪ್ರತ್ಯಯ ಸೇರಿದ ಮೇಲಿನದು. ಹಾಗಾಗಿ ಮೊದಲ ನೋಟಕ್ಕೆ ಇದು ಹೊಂದುತ್ತದೆ. ಆದರೆ ನಮ್ಮ ವ್ಯಾಕರಣದ ಪ್ರಕೃತಿಗೆ ಸದ್ದು ಇದೆ. ‘ಮರ’ ಎಂಬುದು ಪ್ರಕೃತಿ, ಅದನ್ನು ಉಚ್ಚರಿಸಬಹುದು. ಲೆವೆಲ್ಟ್ ಹೇಳುವ ಲೆಮ್ಮಾಕ್ಕೆ ಇನ್ನೂ ಸದ್ದೇ ಬಂದಿಲ್ಲ. ಸದ್ದಿಲ್ಲದ ಪ್ರಕೃತಿ ಎಂದರೆ ವ್ಯಾಕರಣದ ಮೇಷ್ಟರು ಕಣ್ಣು ಕೆಂಪಗೆ ಮಾಡುತ್ತಾರೆ, ಮಾಡಬೇಕಾದದ್ದೂ ನ್ಯಾಯವೇ. ಇನ್ನೊಂದು ತೊಡಕೂ ಇದೆ. ಅರ್ಥಕ್ಕೂ ಸದ್ದಿಗೂ ನಡುವೆ ಇಂಥದೊಂದು ನಡುಮಟ್ಟ ಇದೆಯೇ ಇಲ್ಲವೇ ಎಂಬುದರಲ್ಲೇ ಒಮ್ಮತವಿಲ್ಲ.

ಈ ಜಗಳ ರುಚಿಯಾದದ್ದು, ನಮಗೆ ಪಾಠವೂ ಇದೆ. ಇಟಾಲಿಯನ್ ಭಾಷೆಯಲ್ಲಿ ಕಡಲು ಪುಲ್ಲಿಂಗ, ಹಿಮ ಸ್ತ್ರೀಲಿಂಗ. ‘ಮಾರೆ’, ‘ನೇವೆ’ ಎರಡೂ ಎಕಾರದಲ್ಲಿ ಮುಗಿಯುವುದರಿಂದ ಸದ್ದು ನೋಡಿ ಲಿಂಗ ಹೇಳಲಾಗದು, ಅರ್ಥ ನೋಡಿಯೂ ಹೇಳಲಾಗದು. ಪದ ಸಿಗದೆ ಒದ್ದಾಡುತ್ತಿರುವ ಇಟಾಲಿಯನ್ನರು ಆ ಪದದ ಲಿಂಗವನ್ನು ಬಹುಪಾಲು ಸರಿಯಾಗಿ ಹೇಳಬಲ್ಲರು ಎಂದು ವಿಲ್ಯೊಕ್ಕೊ ಮತ್ತು ಸಂಗಡಿಗರು 1997ರಲ್ಲಿ ವರದಿ ಮಾಡಿದರು. ವ್ಯಾಕರಣ ಮೊದಲು, ಸದ್ದು ಆಮೇಲೆ ಎನ್ನುವವರಿಗೆ ಹಬ್ಬವಾಯಿತು. ಅದೇ ವರ್ಷ ಕರಮಾಜ್ಜಾ ಮತ್ತು ಮಿಯೊಜ್ಜೊ ಎಂಬ ಸಂಶೋಧಕರು, ಲಿಂಗ ತಿಳಿದಿರುವುದಕ್ಕೂ ಮೊದಲ ಧ್ವನಿ ತಿಳಿದಿರುವುದಕ್ಕೂ ಸಂಬಂಧವೇ ಕಾಣುವುದಿಲ್ಲ, ಒಂದಿಲ್ಲದೆ ಇನ್ನೊಂದು ಸಿಗುತ್ತದೆ, ಹಾಗಾದರೆ ನಡುಮಟ್ಟ ಏಕೆ ಬೇಕು ಎಂದು ಕೇಳಿದರು. ಕನ್ನಡದಲ್ಲಿ ಈ ಪ್ರಯೋಗ ಮಾಡುವಂತೆಯೇ ಇಲ್ಲ. ನಮ್ಮಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ, ಜರಡಿ ನಪುಂಸಕ ಎಂದು ತಿಳಿಯಲು ಜರಡಿ ಎಂಬ ಪದ ಬೇಕಾಗಿಯೇ ಇಲ್ಲ. ಮೇಲೆ ನಾನು ಕೊಟ್ಟ ‘ಅದನ್ನು’, ‘ಅವರಿಗೆ’ ಉದಾಹರಣೆಗಳಿಗೂ ಇದೇ ಮಿತಿ: ವಿಭಕ್ತಿ, ಮರ್ಯಾದೆ ಎರಡೂ ಹೇಳಬೇಕೆಂದಿರುವ ಸಂಗತಿಯಿಂದಲೇ ಹುಟ್ಟುತ್ತವೆ, ಕಾಣೆಯಾದ ಪದದ ಜೇಬಿನಿಂದ ಬಂದವಲ್ಲ. ಆದ್ದರಿಂದ ಲೆಮ್ಮಾವನ್ನು ಸದ್ಯಕ್ಕೆ ಲೆಮ್ಮಾ ಎಂದೇ ಉಳಿಸಬೇಕೆಂಬುದು ನನ್ನ ನಿಲುವು. ವಾದದಲ್ಲಿರುವ ವಸ್ತುವಿಗೆ ಸಂಪ್ರದಾಯದ ಹೆಸರು ಕೊಟ್ಟರೆ ಅದು ಸಿದ್ಧವಸ್ತುವಿನಂತೆ ಕಾಣತೊಡಗುತ್ತದೆ.

ಇದೇ ಕಾರಣಕ್ಕೆ ಇನ್ನೊಂದು ಸಲಹೆಯನ್ನೂ ಮೊದಲೇ ತಡೆಯುತ್ತೇನೆ, ಏಕೆಂದರೆ ಅದು ಬಂದೇ ಬರುತ್ತದೆ. ಪ್ರಾಚೀನ ವೈಯಾಕರಣ ಭರ್ತೃಹರಿ ಹೇಳುವ ಮಾತಿನ ಮೂರು ಹಂತಗಳಾದ ಪಶ್ಯಂತೀ, ಮಧ್ಯಮಾ, ವೈಖರೀ ಇವನ್ನು ಅರ್ಥದ ಹಂತ, ಸದ್ದಿಲ್ಲದ ಪದದ ಹಂತ, ಉಚ್ಚಾರದ ಹಂತ ಎಂದು ಹೊಂದಿಸುವ ಆಸೆ ನನಗೂ ಆಗಿತ್ತು. ಹೊಂದುವುದಿಲ್ಲ. ಭರ್ತೃಹರಿ ಕೇಳಿದ ಪ್ರಶ್ನೆ ಶಬ್ದದ ಅಖಂಡತೆಯದು. ಪ್ರಯೋಗಶಾಲೆಯಲ್ಲಿ ಅಳೆಯುತ್ತಿರುವುದು ಕ್ಷಣವನ್ನು ಸಾವಿರ ಚೂರು ಮಾಡಿದ ಕಾಲವನ್ನು. ಮೇಲಾಗಿ ಇಂದಿನ ಕನ್ನಡದಲ್ಲಿ ವೈಖರಿ ಎಂದರೆ ರೀತಿ, ಶೈಲಿ. ‘ಆಡಳಿತ ವೈಖರಿ’ ಎಂದು ಪತ್ರಿಕೆಯಲ್ಲಿ ದಿನಾ ಓದುವ ವಿದ್ಯಾರ್ಥಿಗೆ ಅದನ್ನು ನಾಲಿಗೆ ತುಟಿಗಳ ಚಲನೆ ಎಂದು ತಿದ್ದುವುದು ಯಾರ ಕೈಲಾದೀತು?

ಇನ್ನು ಪಟ್ಟಿಯಲ್ಲಿ ಈಗಾಗಲೇ ಕೂತಿರುವ ಎರಡು ಪದಗಳನ್ನು ತೆಗೆಯಲು ನಿಮ್ಮ ಬೆಂಬಲ ಬೇಕು. ಒಂದು, ‘ಶಾಬ್ದಿಕ ಪ್ರವೇಶ’. ಲೆಕ್ಸಿಕಲ್ ಆಕ್ಸೆಸ್, ಅಂದರೆ ಬೇಕಾದ ಪದ ಮನಸ್ಸಿಗೆ ಸಿಗುವುದು, ಎಂಬುದರ ಪದಶಃ ಅನುವಾದ. ಯಾರು ಎಲ್ಲಿಗೆ ಪ್ರವೇಶಿಸುತ್ತಾರೆ? ಎರಡು, ‘ಭಾಷಾ ಉತ್ಪಾದನೆ’, ಅಂದರೆ ಲ್ಯಾಂಗ್ವೇಜ್ ಪ್ರೊಡಕ್ಷನ್. ಉತ್ಪಾದನೆ ಎಂದ ಕೂಡಲೇ ಸಿಮೆಂಟು, ವಿದ್ಯುತ್ತು ಕಣ್ಣ ಮುಂದೆ ನಿಲ್ಲುತ್ತವೆ. ನಮ್ಮ ಆಡುಮಾತು ಇಲ್ಲಿ ಎಷ್ಟು ಸೂಕ್ಷ್ಮವಾಗಿದೆ ನೋಡಿ. ‘ಗೊತ್ತಿಲ್ಲ’ ಎಂದರೆ ತಿಳಿವೇ ಇಲ್ಲ. ‘ನೆನಪಿಲ್ಲ’ ಎಂದರೆ ಒಂದು ಕಾಲಕ್ಕೆ ಇತ್ತು, ಹುಡುಕುವುದನ್ನು ಬಿಟ್ಟಿದ್ದೇನೆ. ‘ನೆನಪಾಗುತ್ತಿಲ್ಲ’ ಎಂದರೆ ಹುಡುಕಾಟ ಇನ್ನೂ ನಡೆದಿದೆ. ‘ಹೊಳೆಯುತ್ತಿಲ್ಲ’ ಎಂಬುದರಲ್ಲಿ ನನ್ನ ಪ್ರಯತ್ನಕ್ಕಿಂತ ಪದದ ಮರ್ಜಿ ಹೆಚ್ಚು, ಅದಾಗಿಯೇ ಮಿಂಚಬೇಕು. ‘ಬಾಯಿಗೆ ಬರುತ್ತಿಲ್ಲ’ ಎಂದರೆ ಒಳಗೆ ಇದೆ, ಸದ್ದಾಗುತ್ತಿಲ್ಲ. ಲೆಕ್ಸಿಕಲ್ ಆಕ್ಸೆಸ್‌ಗೆ ‘ಪದ ಹೊಳೆಯುವಿಕೆ’ ಅಥವಾ ‘ಪದ ಒದಗುವಿಕೆ’ ಎನ್ನಬಹುದೇನೋ. ನನ್ನ ಒಲವು ಎರಡನೆಯದಕ್ಕೆ. ಹೊಳೆಯುವುದು ಎಂದರೆ ಉಪಾಯ ಹೊಳೆಯುವುದೂ ಆದೀತು. ಒದಗುವುದರಲ್ಲಿ ಬೇಕಾದ ಹೊತ್ತಿಗೆ ಕೈಗೆ ಬರುವುದು ಎಂಬ ಅರ್ಥ ಗಟ್ಟಿಯಾಗಿದೆ. ಉತ್ಪಾದನೆಗೆ ಸುಮ್ಮನೆ ‘ಮಾತಾಡುವಿಕೆ’ ಸಾಕು, ಗ್ರಹಿಕೆಗೆ ಎದುರಾಗಿ ನಿಲ್ಲುತ್ತದೆ. ಆದರೆ ಬರೆಯುವುದನ್ನೂ ಅದರಲ್ಲಿ ಸೇರಿಸಬೇಕಾದಾಗ ಏನು ಮಾಡುವುದು ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಮೂಲ ಪ್ರಶ್ನೆಗೆ ಬಂದರೆ, ಪಟ್ಟಿಯ ಹಳೆಯ ಕರಡಿನಲ್ಲಿ ‘ಜಿಹ್ವಾಗ್ರ ಸ್ಥಿತಿ’ ಎಂದಿದೆ. ಇದು ಪೂರಾ ತಿರುಗುಮುರುಗು. ಜಿಹ್ವಾಗ್ರದಲ್ಲಿ ಸರಸ್ವತಿ ನೆಲೆಸಿದ್ದಾಳೆ ಎಂದರೆ ಬೇಕಾದಾಗ ಬೇಕಾದ ಮಾತು ಬರುವವರು ಎಂದರ್ಥ. ಒಂದು ಹೆಸರಿಗಾಗಿ ಹಣೆ ಚಚ್ಚಿಕೊಳ್ಳುತ್ತಿರುವವರ ಪಾಡಿಗೆ ಆ ಹೆಸರಿಡುವುದು ಹೇಗೆ? ‘ಮರೆವು’ ಕೂಡದು, ಮರೆತಿಲ್ಲ. ‘ಪದ ತಡಕಾಟ’ ಹುಡುಕುವ ಕೆಲಸವನ್ನು ಹೇಳುತ್ತದೆ, ಸ್ಥಿತಿಯನ್ನಲ್ಲ.

ನನ್ನ ಸಲಹೆ ‘ತುದಿನಾಲಗೆ’. ಅಂಶಿ ಸಮಾಸಕ್ಕೆ ಉದಾಹರಣೆಯಾಗಿ ವ್ಯಾಕರಣದ ಪಾಠದಲ್ಲಿ ಓದಿದ್ದು ನೆನಪಿರಬಹುದು: ನಾಲಗೆಯ ತುದಿ, ತುದಿನಾಲಗೆ. ದಿನಬಳಕೆಯಲ್ಲಿ ಇದು ಅಷ್ಟಾಗಿ ಸವೆದಿಲ್ಲ, ಆದ್ದರಿಂದ ಬಾಯಿಪಾಠದ ಅರ್ಥ ಇದಕ್ಕೆ ಅಂಟಿಲ್ಲ ಎಂದುಕೊಂಡಿದ್ದೇನೆ. ‘ತುದಿಗಾಲಲ್ಲಿ ನಿಂತಿದ್ದಾನೆ’ ಎಂಬ ಮಾತಿನ ಆತುರವೂ ಪಕ್ಕದಲ್ಲೇ ಇದೆ. ಇನ್ನೊಂದು ಅನುಕೂಲವೂ ಉಂಟು. ಅಮೆರಿಕದ ಸನ್ನೆಭಾಷೆಯನ್ನು ಬಳಸುವ ಕಿವುಡರಿಗೂ ಇದೇ ಅನುಭವ ಆಗುತ್ತದೆ ಎಂದು ಥಾಂಪ್ಸನ್, ಎಮೊರಿ, ಗೊಲ್ಲನ್ 2005ರಲ್ಲಿ ತೋರಿಸಿದ್ದಾರೆ. ಸನ್ನೆಯ ಕೈಯಾಕಾರ ನೆನಪಾಗುತ್ತದೆ, ಕೈ ಎಲ್ಲಿಡಬೇಕೆಂಬುದು ನೆನಪಾಗುತ್ತದೆ, ಹೆಚ್ಚಾಗಿ ತಪ್ಪಿಸಿಕೊಳ್ಳುವುದು ಚಲನೆ. ಅದಕ್ಕೆ ‘ಬೆರಳ ತುದಿಯಲ್ಲಿದೆ’ ಎಂದರೆ ನಮಗೆ ಮತ್ತೆ ಎಡವಟ್ಟು, ನಮ್ಮ ಪತ್ರಿಕೆಗಳಲ್ಲಿ ಬೆರಳ ತುದಿಯಲ್ಲಿ ಮಾಹಿತಿ ಎಂದರೆ ಸಿದ್ಧವಾಗಿರುವ ಮಾಹಿತಿ. ‘ತುದಿಬೆರಳು’ ಎಂದರೆ ತುದಿನಾಲಗೆಯ ಜೋಡಿಯಾಗಿ ನಿಲ್ಲುತ್ತದೆ. ವಾಕ್ಯದಲ್ಲಿಟ್ಟು ನೋಡಿ: ‘ವಯಸ್ಸಾದಂತೆ ತುದಿನಾಲಗೆಯ ಪ್ರಸಂಗಗಳು ಹೆಚ್ಚುತ್ತವೆ, ಅದರಲ್ಲೂ ವ್ಯಕ್ತಿಗಳ ಹೆಸರಿಗೆ.’ ಓದಲು ಅಡ್ಡಿಯಿಲ್ಲ ಎನ್ನಿಸುತ್ತದೆ.

ಹೆಸರಿನ ಮಾತು ಬಂದಿದ್ದರಿಂದ ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯವರಿಗೆ ಬೇರೆಯೇ ಒಂದು ಕೇಳಿಕೆ. ಒಂದೇ ಪದ ಕಸುಬಾಗಿ ಕೇಳಿದರೆ ನೆನಪಿರುತ್ತದೆ, ಅಡ್ಡಹೆಸರಾಗಿ ಕೇಳಿದರೆ ಮರೆಯುತ್ತದೆ ಎಂದು 1987ರ ಒಂದು ಇಂಗ್ಲಿಷ್ ಪ್ರಯೋಗ ತೋರಿಸಿತು. ‘ಈತ ಬೇಕರಿಯವನು’ ಎಂದದ್ದು ಉಳಿಯಿತು, ‘ಈತನ ಹೆಸರು ಬೇಕರ್’ ಎಂದದ್ದು ಹಾರಿಹೋಯಿತು. ಕುಂಬಾರ, ಕಂಬಾರ, ಬಡಿಗೇರ, ಪತ್ತಾರ ಎಂಬ ಅಡ್ಡಹೆಸರುಗಳ ನಡುವೆ ಬೆಳೆದವರು ನೀವು. ಕುಂಬಾರ ಎಂಬ ಅಡ್ಡಹೆಸರಿನ ಮೇಷ್ಟರ ಹೆಸರು ಬಾಯಿಗೆ ಬಾರದೆ ‘ಅದೇ, ಗಡಿಗೆ ಮಾಡುವವರ ಹೆಸರು’ ಎಂದು ಸುತ್ತಿ ಬಳಸಿ ಹುಡುಕುವುದುಂಟೆ, ಇಲ್ಲಾ ಅಲ್ಲಿ ಅಡ್ಡಹೆಸರಿನೊಳಗಿನ ಕಸುಬು ಯಾರಿಗೂ ಕೇಳಿಸುವುದೇ ಇಲ್ಲವೆ? ಇಂಥ ಪ್ರಸಂಗ ಕಂಡಿದ್ದರೆ, ಆಗ ಬಾಯಿಗೆ ಬಂದ ತಪ್ಪು ಹೆಸರುಗಳ ಸಮೇತ ಬರೆಯಿರಿ. ಸರಿಯಾದ ಹೆಸರಿಗಿಂತ ತಪ್ಪು ಹೆಸರುಗಳೇ ನನಗೆ ಹೆಚ್ಚು ಬೇಕಾಗಿವೆ.